ಮುರಕಲ್ಲಿಗೆ ಇಳಿದ ಪೆಟ್ರೋಲ್: ಮಳೆಗೆ ಐದು ವಾರ ಇರುವಾಗಿನ ಒಂದು ಪ್ರಕರಣ

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನದ ಹೊತ್ತು. ಸುರತ್ಕಲ್ ದಾಟಿ ಮೂಲ್ಕಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಪದವಿನ, ಅಂದರೆ ಮಟ್ಟಸವಾದ ಗುಡ್ಡದ, ಅಂಚು ರಸ್ತೆಗೆ ತಾಗುವ ಒಂದು ಕಡೆ ಪೆಟ್ರೋಲ್ ಟ್ಯಾಂಕರ್ ಮಗುಚಿದೆ. ಒಟ್ಟು 20,000 ಲೀಟರ್, ತಲಾ 5,000 ಲೀಟರಿನ ನಾಲ್ಕು ಕೋಣೆ. ಒಂದು ಕೋಣೆ ಪೂರ್ತಿ ಖಾಲಿಯಾಗಿದೆ, ಇನ್ನೊಂದರಿಂದ 2,000 ಲೀಟರ್ ಸೋರಿದೆ. ರಸ್ತೆಯ ಕೆಳಗೆ ಇಳಿಜಾರಿನಲ್ಲಿ ಮನೆಗಳು, ಹೆಚ್ಚುಕಡಿಮೆ ಮನೆಗೊಂದು ಬಾವಿ, ಅದರಾಚೆ ತಗ್ಗಿನ ಗದ್ದೆಗಳ ಬೈಲು, ಬೈಲಿನ ಅಂಚಿಗೆ ತೋಡು ಎಂಬ ಕಿರುಹೊಳೆ. ತೋಡು ಹೋಗಿ ಸೇರುವುದು ನಂದಿನಿ ಹೊಳೆಗೆ, ಹೊಳೆ ಮೂಲ್ಕಿಯ ಅಳಿವೆಯಲ್ಲಿ ಶಾಂಭವಿಯ ಜೊತೆ ಸಮುದ್ರಕ್ಕೆ.

ಊರಿನ ಹೆಸರು ಕೊಟ್ಟಿಲ್ಲ, ಏಕೆಂದರೆ ಇದು ನಡೆದ ಅಪಘಾತದ ವರದಿಯಲ್ಲ; ಅಭ್ಯಾಸಕ್ಕೆಂದು ಕಟ್ಟಿದ ಪ್ರಕರಣ. ನೆಲ, ಮಳೆ, ರಾಸಾಯನಿಕದ ಗುಣ ಇದ್ದ ಹಾಗೆಯೇ ಇವೆ. ಚೆಲ್ಲಿದ ಲೀಟರು, ಬಾವಿಯ ದೂರ, ಪರೀಕ್ಷೆಯ ಅಂಕಿ, ಆಮೇಲೆ ನಡೆದದ್ದು, ಇವನ್ನು ಲೆಕ್ಕ ಮತ್ತು ತೀರ್ಮಾನ ಹೇಗೆ ಸಾಗುತ್ತವೆಂದು ತೋರಿಸಲು ಇಟ್ಟಿದೆ.

ಮೊದಲ ಆರು ಗಂಟೆ

ಟ್ಯಾಂಕರಿನ ಹಿಂದೆ, ಬದಿಯಲ್ಲಿ ಇರುವ ಕಿತ್ತಳೆ ಫಲಕದ 1203 ಎಂಬ ಸಂಖ್ಯೆ ಪೆಟ್ರೋಲಿನದು. ಅದರ ಮೇಲಿನ 3ವೈಇ ಎಂಬ ಸಂಕೇತ ಮೂರು ಮಾತು ಹೇಳುತ್ತದೆ: ನೊರೆ ಬಳಸಿ, ಚೆಲ್ಲಿದ್ದನ್ನು ಹರಿಯಲು ಬಿಡದೆ ತಡೆದು ನಿಲ್ಲಿಸಿ, ಜನರನ್ನು ದೂರ ಕಳಿಸಿ. ಇಲ್ಲಿ ತಪ್ಪಿದ್ದು ಎರಡನೆಯದು. ರಸ್ತೆ ಜಾರುತ್ತದೆ, ಬೆಂಕಿ ಹಿಡಿಯುತ್ತದೆ ಎಂದು ನೀರಿನ ಜೆಟ್ ಹಾಯಿಸಿದರು. ಡಾಂಬರಿನ ಮೇಲೆ ಇದ್ದಿದ್ದರೆ ಬಹುಪಾಲು ಆವಿಯಾಗಿ ಹೋಗುತ್ತಿದ್ದ ಪೆಟ್ರೋಲ್ ಚರಂಡಿಗೆ ಇಳಿಯಿತು. ಆ ಚರಂಡಿಗೆ ಕಾಂಕ್ರೀಟ್ ತಳ ಇದ್ದದ್ದು 15 ಮೀಟರ್ ಮಾತ್ರ; ಅಲ್ಲಿಂದಾಚೆ ಅದು ಮುರಕಲ್ಲಿನಲ್ಲಿ, ಅಂದರೆ ತೂತುತೂತಿನ ಕೆಂಪು ಜಂಬಿಟ್ಟಿಗೆಯಲ್ಲಿ, ಕಡಿದ ಕಣಿ.

ಚರಂಡಿಯ ಬಾಯಿಗೆ ಮಣ್ಣಿನ ಚೀಲ ಒಡ್ಡುವಾಗ ಬುಡದಲ್ಲಿ ಒಂದು ಪಿವಿಸಿ ಪೈಪನ್ನು, ಒಳಬದಿಯ ತುದಿ ತಗ್ಗಿಗೆ ಬರುವಂತೆ ಓರೆಯಾಗಿ ಇಡಬೇಕು. ಪೆಟ್ರೋಲ್ ತೇಲುತ್ತದೆ, ನೀರು ಕೆಳಗಿನಿಂದ ದಾಟಿ ಹೋಗುತ್ತದೆ. ಪೈಪಿಲ್ಲದೆ ಬರೀ ಚೀಲ ಒಡ್ಡಿದರೆ ನೀರು ತುಂಬಿ ಮೇಲಿನಿಂದ ಉಕ್ಕುತ್ತದೆ, ಮೊದಲು ಉಕ್ಕುವುದು ತೇಲುವ ಪೆಟ್ರೋಲೇ. ಈ ಪ್ರಕರಣದಲ್ಲಿ ಎರಡನೇ ಒಡ್ಡಿಗೆ ಪೈಪ್ ಇಟ್ಟದ್ದರಿಂದ 900 ಲೀಟರ್ ಸಿಕ್ಕಿತು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುವುದರಿಂದ ಮಾಮೂಲಿ ನೊರೆ ಅದರ ಮೇಲೆ ನಿಲ್ಲದೆ ಒಡೆಯುತ್ತದೆ. ಮದ್ಯಸಾರ ತಡೆದುಕೊಳ್ಳುವ ನೊರೆಯೇ ಬೇಕು. ಯಾವ ನೊರೆ, ಎಷ್ಟು ಲೀಟರ್ ಎಂದು ಅಗ್ನಿಶಾಮಕ ದಳದವರಿಂದ ಅಂದೇ ಬರೆಸಿಕೊಳ್ಳಿ. ಕೆಲವು ನೊರೆಗಳಲ್ಲಿ ಫ್ಲೋರಿನ್ ಇರುವ, ಎಂದೂ ಒಡೆದು ನಾಶವಾಗದ ರಾಸಾಯನಿಕಗಳಿರುತ್ತವೆ. ಮುಂದೆ ಬಾವಿಯ ನೀರಿನಲ್ಲಿ ಏನೇನು ಹುಡುಕಬೇಕು ಎಂಬ ಪಟ್ಟಿ ಅದರ ಮೇಲೆ ನಿಲ್ಲುತ್ತದೆ.

ಉಳಿದ 13,000 ಲೀಟರನ್ನು ಬೇರೆ ಟ್ಯಾಂಕರಿಗೆ ದಾಟಿಸುವ ಮೊದಲು ಎರಡೂ ವಾಹನಗಳಿಗೆ ಅರ್ಥಿಂಗ್ ತಂತಿ, ಗಾಳಿ ಬೀಸುವ ದಿಕ್ಕಿನಲ್ಲಿ 50 ಮೀಟರಿನಾಚೆಯೂ ಅನಿಲ ಮಾಪಕದ ಕಾವಲು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಗಾಳಿಯಲ್ಲಿ ಶೇ 1.4 ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕ್ಯಾನು ಹಿಡಿದು ಬರುವ ಜನರನ್ನು ತಡೆಯುವುದು ಪೊಲೀಸರ ಕೆಲಸ, ಆದರೆ ಅದನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳಿ ಮಾಡಿಸಬೇಕು.

ಎಷ್ಟು ನೆಲಕ್ಕೆ ಇಳಿಯಿತು

ಚೆಲ್ಲಿದ್ದು 7,000 ಲೀಟರ್. ಒಡ್ಡಿನಲ್ಲಿ ಸಿಕ್ಕಿದ್ದು 900. ಸೆಕೆಗಾಲದ ಬಿಸಿಲು, ಹರಡಿದ ಮೈ, ನಿಂತ ಹೊತ್ತು ನೋಡಿ ಆವಿಯಾದದ್ದು 2,100 ಎಂದು ಹಿಡಿದಿದೆ. ತೋಡು ಆ ಕಾಲದಲ್ಲಿ ಒಣಗಿರುತ್ತದೆ, ಅಲ್ಲಿಗೆ ಹೋದದ್ದು ಲೆಕ್ಕಕ್ಕಿಲ್ಲ. ಉಳಿದ 4,000 ಲೀಟರ್, ಅಂದರೆ ಸುಮಾರು 2,960 ಕಿಲೋ, ನೆಲದೊಳಗೆ.

ಇದರಲ್ಲಿ ಭಯಪಡಬೇಕಾದ ಭಾಗ ಕ್ಯಾನ್ಸರ್ ತರಬಲ್ಲ ಬೆಂಜೀನ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಇಂಧನದಲ್ಲಿ ಅದು ಶೇ 1 ಮೀರುವಂತಿಲ್ಲ. ಶೇ 0.8 ಎಂದರೂ 32 ಲೀಟರ್, 28 ಕಿಲೋ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. 28 ಕಿಲೋವನ್ನು ಆ ಮಿತಿಗೆ ತೆಳುವಾಗಿಸಲು 280 ಕೋಟಿ ಲೀಟರ್ ನೀರು ಬೇಕು. ಬಾವಿ ನೀರಿನ ಮೇಲೆ ಪೆಟ್ರೋಲ್ ತೇಲುತ್ತಿದ್ದರೆ ಅದರಡಿಯ ನೀರಿಗೆ ಕರಗುವ ಬೆಂಜೀನ್ ಎಷ್ಟು? ಶುದ್ಧ ಬೆಂಜೀನ್ ಲೀಟರಿಗೆ ಸುಮಾರು 1,790 ಮಿಲಿಗ್ರಾಂ ಕರಗುತ್ತದೆ. ಪೆಟ್ರೋಲಿನ ಅಣುಗಳಲ್ಲಿ ಅದರ ಪಾಲು ನೂರಕ್ಕೆ ಒಂದು, ಹಾಗಾಗಿ 18 ಮಿಲಿಗ್ರಾಂ. ಮಿತಿಯ 1,800 ಪಟ್ಟು. ಪೊರೆ ಕಂಡ ಬಾವಿಯ ನೀರನ್ನು ಕುಡಿಯಬಹುದೇ ಎಂದು ತಿಳಿಯಲು ಪ್ರಯೋಗಾಲಯದ ವರದಿಗೆ ಕಾಯಬೇಕಿಲ್ಲ.

ಪುಸ್ತಕದ ಲೆಕ್ಕ ಎಲ್ಲಿ ಮುಗ್ಗರಿಸುತ್ತದೆ

ನೆಲ ತನ್ನ ರಂಧ್ರಗಳಲ್ಲಿ ಸ್ವಲ್ಪ ಪೆಟ್ರೋಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಉಳಿದದ್ದು ಕೆಳಗಿಳಿಯುತ್ತದೆ. ನುಣ್ಣನೆಯ ಮರಳು ಅಥವಾ ಗೋಡುಮಣ್ಣಾದರೆ ಘನ ಮೀಟರಿಗೆ 20 ಲೀಟರ್, ದಪ್ಪ ಜಲ್ಲಿಯಾದರೆ ಬರೀ 2.5 ಲೀಟರ್ ಎಂಬುದು ರೂಢಿಯ ಅಂಕಿ. ಪೆಟ್ರೋಲ್ ಇಂಗಿದ ಜಾಗ 12 ಮೀಟರ್ ಉದ್ದ, 8 ಮೀಟರ್ ಅಗಲ: 96 ಚದರ ಮೀಟರ್. 20 ಲೀಟರಿನ ಅಂಕಿ ಹಿಡಿದರೆ 4,000 ಲೀಟರಿಗೆ 200 ಘನ ಮೀಟರ್ ಸಾಕು, ಪೆಟ್ರೋಲ್ ಎರಡು ಮೀಟರ್ ಆಳದಲ್ಲಿ ನಿಲ್ಲುತ್ತದೆ. 2.5 ಹಿಡಿದರೆ 16 ಮೀಟರಿಗೂ ಕೆಳಗೆ. ಏಪ್ರಿಲ್ ಕೊನೆಯಲ್ಲಿ ಇಲ್ಲಿನ ಬಾವಿಗಳಲ್ಲಿ ನೀರು ಸುಮಾರು 9 ಮೀಟರ್ ಆಳದಲ್ಲಿದೆ. ಅಂದರೆ ಒಂದು ಅಂಕಿಯ ಪ್ರಕಾರ ನೀರಿಗೆ ಏನೂ ಆಗದು, ಇನ್ನೊಂದರ ಪ್ರಕಾರ ಆಗಲೇ ಆಗಿದೆ.

ಮುರಕಲ್ಲು ಇವೆರಡೂ ಹೌದು. ಕಡಿದ ಕಲ್ಲಿನ ಮೈ ನೋಡಿದವರಿಗೆ ಗೊತ್ತು: ಕೆಂಪು ಗಟ್ಟಿ ಹಂದರ, ನಡುವೆ ಹಳದಿ ಮಣ್ಣು ತುಂಬಿದ ತೂತು, ಕೆಲವು ತೂತು ಬೆರಳು ಹೋಗುವಷ್ಟು. ಅವು ಒಂದಕ್ಕೊಂದು ಕೂಡಿ ಮೀಟರುಗಟ್ಟಲೆ ಓಡುತ್ತವೆ. ಮಳೆ ನೀರು ಮಣ್ಣನ್ನು ತೊಳೆದು ನೆಲದಡಿ ಕೈ ತೂರುವಷ್ಟು ದೊಡ್ಡ ಕೊಳವೆಗಳನ್ನೂ ಮಾಡಿರುತ್ತದೆ. ಹಂದರದ ಮಣ್ಣು ಪೆಟ್ರೋಲನ್ನು ಹೀರಿ ಹಿಡಿಯುತ್ತದೆ, ಕೊಳವೆಗಳು ಅದನ್ನು ಒಂದೆರಡು ದಿನದಲ್ಲಿ ನೀರಿಗೆ ಮುಟ್ಟಿಸುತ್ತವೆ. ಸರಾಸರಿ ಅಂಕಿಗೆ ಇಲ್ಲಿ ಅರ್ಥವಿಲ್ಲ. ಮೂರನೇ ದಿನ ಬೆಳಗ್ಗೆ, ರಸ್ತೆಯಿಂದ 40 ಮೀಟರ್ ಕೆಳಗಿನ ಬಾವಿಯಿಂದ ವಾಸನೆ ಬಂತು.

ಮುರಕಲ್ಲಿನ ಕೆಳಗೆ ಶೇಡಿ ಮಣ್ಣು, ಬಿಳಿ-ಗುಲಾಬಿ ಬಣ್ಣದ ನುಣುಪು ಪದರ. ನೀರು ಅದರೊಳಗೆ ಬಲು ನಿಧಾನವಾಗಿ ಇಳಿಯುತ್ತದೆ, ಹೆಚ್ಚಿನದು ಅದರ ನೆತ್ತಿಯ ಮೇಲೆ ಜಾರಿ ಬೈಲಿನ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಬೆಟ್ಟು, ಮಜಲು, ಬೈಲು ಎಂದು ತುಳುನಾಡಿನ ರೈತರು ಗದ್ದೆಗಳನ್ನು ವಿಂಗಡಿಸಿದ್ದೇ ಈ ನೀರಿನ ಲೆಕ್ಕದಲ್ಲಿ. ಮಳೆ ನಂಬಿ ಒಂದೇ ಬೆಳೆ ಬರುವುದು ಬೆಟ್ಟು, ಎರಡು ಬಂದರೆ ಮಜಲು, ಮೂರನೆಯದಕ್ಕೂ ತೇವ ಉಳಿಯುವುದು ಬೈಲು. ಯಾವ ಗದ್ದೆ ಏನೆಂದು ಹಿರಿಯರನ್ನು ಕೇಳಿ ನಕ್ಷೆಯ ಮೇಲೆ ಗುರುತಿಸಿದರೆ ನೆಲದಡಿಯ ನೀರಿನ ದಾರಿ ಅರ್ಧ ಸಿಕ್ಕಂತೆ. ಕೊಳವೆ ಕೊರೆದು ತಿಳಿಯಲು ಹತ್ತು ದಿನ ಹಿಡಿಯುವುದು ಒಂದು ಸಂಜೆಯಲ್ಲಿ ಸಿಗುತ್ತದೆ.

ನಿಗಾ ಕೊಳವೆ ಕೊರೆಯುವವರಿಗೆ ಒಂದೇ ಎಚ್ಚರಿಕೆ: ಶೇಡಿ ಸಿಕ್ಕ ಕೂಡಲೇ ನಿಲ್ಲಿಸಿ. ದಾಟಿ ಕೆಳಗಿನ ಒಡೆದ ಬಂಡೆಗೆ ಹೋದರೆ, ಇಷ್ಟು ಹೊತ್ತು ಮೇಲೆ ನಿಂತಿದ್ದ ಕೊಳೆನೀರಿಗೆ ಬೋರ್‌ವೆಲ್‌ಗಳ ನೀರಿನವರೆಗೆ ನೇರ ದಾರಿ ಮಾಡಿಕೊಟ್ಟ ಹಾಗೆ. ಮೀಟರ್ ಲೆಕ್ಕದಲ್ಲಿ ಕೂಲಿ ಪಡೆಯುವ ರಿಗ್‌ನವರಿಗೆ ಇದನ್ನು ಕೆಲಸ ಶುರುವಾಗುವ ಮೊದಲೇ ಬರೆದು ಕೊಡಬೇಕು.

ಬಾವಿಗಳ ಲೆಕ್ಕ

ಸುತ್ತ 300 ಮೀಟರ್ ದೂರದೊಳಗೆ 23 ಬಾವಿ, 26 ಮನೆ, 120 ಜನ. ಪ್ರತಿ ಬಾವಿಗೂ ಆಳ, ನೀರಿನ ಮಟ್ಟ, ಕಟ್ಟೆಯ ಎತ್ತರ, ಪಂಪಿನ ಶಕ್ತಿ, ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ಬರೆದುಕೊಳ್ಳಬೇಕು. ಕಟ್ಟೆಗಳ ಎತ್ತರವನ್ನು ಲೆವೆಲ್ ಉಪಕರಣದಿಂದ ಅಳೆಯದೆ ನೀರಿನ ಮಟ್ಟಗಳನ್ನು ಹೋಲಿಸುವಂತಿಲ್ಲ.

ಮಾದರಿ ತೆಗೆಯುವಲ್ಲಿ ತಪ್ಪುವುದೇ ಹೆಚ್ಚು. ಮಿನರಲ್ ವಾಟರ್ ಬಾಟಲಿಯಲ್ಲಿ ಅರ್ಧ ತುಂಬಿಸಿ, ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ಸಂಜೆ ಪ್ರಯೋಗಾಲಯಕ್ಕೆ ಕೊಟ್ಟರೆ ಬೆಂಜೀನ್ ಅಷ್ಟರಲ್ಲಿ ಹಾರಿಹೋಗಿರುತ್ತದೆ. ವರದಿ ‘ಪತ್ತೆಯಾಗಿಲ್ಲ’ ಎನ್ನುತ್ತದೆ, ಮನೆಯವರು ಮತ್ತೆ ಕುಡಿಯಲು ಶುರುಮಾಡುತ್ತಾರೆ. ಬೇಕಾದದ್ದು 40 ಮಿಲಿಲೀಟರಿನ ಕಂದು ಗಾಜಿನ ಶೀಶೆ, ಟೆಫ್ಲಾನ್ ಪದರದ ಮುಚ್ಚಳ, ಪಿಎಚ್ 2ಕ್ಕಿಂತ ಕೆಳಗಿಳಿಸಲು ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ. ನೀರು ಕಂಠದ ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಿ ಮುಚ್ಚಿ, ತಲೆಕೆಳಗು ಮಾಡಿ ತಟ್ಟಿ ನೋಡಿ. ಗುಳ್ಳೆ ಕಂಡರೆ ಆ ಶೀಶೆ ಬಿಟ್ಟು ಹೊಸದು. 4 ಡಿಗ್ರಿಯಲ್ಲಿಟ್ಟರೆ 14 ದಿನದೊಳಗೆ ಪರೀಕ್ಷೆ ಮಾಡಿಸಬಹುದು. ಮನೆಯ ಕೊಡಪಾನ, ಹಗ್ಗದಿಂದ ಎತ್ತಿದ ನೀರು ಬೇಡ: ಹಗ್ಗ ಪೊರೆಯಲ್ಲಿ ಅದ್ದಿ ಬರುತ್ತದೆ, ಇಲ್ಲದ ಪೆಟ್ರೋಲನ್ನೂ ತೋರಿಸುತ್ತದೆ.

ಮೊದಲ ಸುತ್ತಿನ ಫಲಿತಾಂಶ ಹೀಗಿತ್ತು. 40 ಮೀಟರ್ ಕೆಳಗಿನ ಬಾವಿ 4ರಲ್ಲಿ 6 ಮಿಲಿಮೀಟರ್ ದಪ್ಪದ ಪೆಟ್ರೋಲ್ ಪದರ. 110 ಮೀಟರ್ ಕೆಳಗಿನ ಬಾವಿ 7ರಲ್ಲಿ ಪೊರೆಯಿಲ್ಲ, ಬೆಂಜೀನ್ ಲೀಟರಿಗೆ 0.9 ಮಿಲಿಗ್ರಾಂ. ಬೈಲಿನ ಬಾವಿಗಳು ಸ್ವಚ್ಛ. ತಲೆ ಕೆರೆದುಕೊಳ್ಳುವಂತೆ ಮಾಡಿದ್ದು ಬಾವಿ 11: ರಸ್ತೆಯ ಮೇಲ್ಬದಿಯಲ್ಲಿ, 35 ಮೀಟರ್ ದೂರಕ್ಕೆ ಸರಿದು ಇದ್ದರೂ 0.05. ನೀರು ಮೇಲಕ್ಕೆ ಹರಿಯದು, ಮಾದರಿ ಕೆಟ್ಟಿರಬೇಕು ಎಂದು ಅದನ್ನು ಬದಿಗಿಡುವ ಆಸೆ ಯಾರಿಗೂ ಆಗುತ್ತದೆ. ಎರಡನೇ ಸಲವೂ ಅಷ್ಟೇ ಬಂತು. ಆ ಬಾವಿಗೆ ಒಂದು ಎಚ್‌ಪಿ ಪಂಪು, ತೆಂಗು-ಅಡಿಕೆಗೆ ದಿನಕ್ಕೆ ಆರು ಗಂಟೆ ಓಟ; ನೀರು ಕುಗ್ಗಿದಾಗ ಬಾವಿಯ ಗೋಡೆಯಲ್ಲಿ ರಸ್ತೆಯ ಕಡೆಗೆ ಬಾಯಿ ತೆರೆದ ಒಂದು ಕೊಳವೆ ಕಂಡಿತು. ಪಂಪು ಆ ಕೊಳವೆಯ ಮೂಲಕ ಎಳೆಯುತ್ತಿತ್ತು. ಮೂರು ಕೊಳವೆಬಾವಿಗಳ ಅಂಕಿಯಿಂದ ಕೊಳೆ ಎಲ್ಲಿಯವರೆಗೆ ಹರಡಿದೆ ಎಂದು ಕಂಪ್ಯೂಟರ್ ಬಿಡಿಸುವ ಚೆಂದದ ಮೊಟ್ಟೆಯಾಕಾರದ ನಕ್ಷೆಗಳನ್ನು ಮುರಕಲ್ಲಿನ ನಾಡಿನಲ್ಲಿ ನಂಬಬಾರದು ಎನ್ನುವುದು ಇದಕ್ಕೇ.

ಯಾರಿಗೆ, ಯಾವ ದಾರಿಯಿಂದ ಅಪಾಯ

ಕುಡಿಯುವ ನೀರು ಎಂಬ ಉತ್ತರ ಎಲ್ಲರ ಬಾಯಲ್ಲೂ ಇರುತ್ತದೆ. ಆದರೆ ಮೊದಲ ವಾರದಲ್ಲಿ ಜೀವ ತೆಗೆಯಬಲ್ಲದ್ದು ಅದಲ್ಲ.

ಏಪ್ರಿಲ್-ಮೇ ಎಂದರೆ ಬಾವಿಯ ಕೆಸರು ತೆಗೆಸುವ ಕಾಲ. ಪೆಟ್ರೋಲ್ ಆವಿ ಬಾವಿಯ ತಳದಲ್ಲಿ ಕೂರುತ್ತದೆ. ಇಳಿದವನು ಉಸಿರು ಕಟ್ಟಿ ಬೀಳುತ್ತಾನೆ, ಎತ್ತಲು ಇಳಿದ ಇನ್ನೊಬ್ಬನೂ ಬೀಳುತ್ತಾನೆ. ಪಂಪಿನ ಸ್ವಿಚ್ಚಿನ ಕಿಡಿ ಸಾಕು ಸ್ಫೋಟಕ್ಕೆ. ಹಾಗಾಗಿ 23 ಬಾವಿಗಳಿಗೂ ಮೊದಲ ದಿನದ ಸೂಚನೆ ಎರಡೇ ಸಾಲು: ಯಾರೂ ಇಳಿಯಬೇಡಿ, ವಾಸನೆ ಬರುವ ಬಾವಿಯ ಪಂಪನ್ನು ಬಾವಿಯ ಹತ್ತಿರದ ಸ್ವಿಚ್ಚಿನಲ್ಲಿ ಮುಟ್ಟಬೇಡಿ, ಮನೆಯ ಮೀಟರ್ ಬೋರ್ಡಿನಲ್ಲಿ ಫ್ಯೂಸ್ ತೆಗೆಯಿರಿ.

ಇನ್ನೊಂದು ಬಚ್ಚಲು. ಹಂಡೆಯ ಅಡಿಯಲ್ಲಿ ಸೌದೆ ಉರಿ, ಹಂಡೆಯೊಳಗೆ ಬಾವಿ 4ರ ನೀರು. ಕಾಯಿಸಿದಷ್ಟೂ ಆವಿ ಬಿಡುಗಡೆಯಾಗಿ ಕೋಣೆ ತುಂಬುತ್ತದೆ. ‘ಕುದಿಸಿ ಕುಡಿಯಿರಿ’ ಎನ್ನುವ ಮಾಮೂಲಿ ಸಲಹೆ ಇಲ್ಲಿ ಪೂರ್ತಿ ತಲೆಕೆಳಗು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದೂ ಅಷ್ಟೇ. ಅದು ಬೆಂಜೀನನ್ನು ಮುಟ್ಟುವುದಿಲ್ಲ, ವಾಸನೆಯನ್ನು ಮರೆಸಿ ಎಚ್ಚರ ತಪ್ಪಿಸುತ್ತದೆ.

ಕುಡಿಯುವುದರ ಲೆಕ್ಕವನ್ನೂ ಮಾಡಿ ನೋಡಬೇಕು. ಬಾವಿ 11ರ 0.05 ಮಿಲಿಗ್ರಾಂ, ದಿನಕ್ಕೆ 2 ಲೀಟರ್, 60 ಕಿಲೋ ತೂಕದ ವ್ಯಕ್ತಿ: ಕಿಲೋ ತೂಕಕ್ಕೆ ದಿನಕ್ಕೆ 0.00167 ಮಿಲಿಗ್ರಾಂ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬೆಂಜೀನಿಗೆ ಕೊಡುವ ಕ್ಯಾನ್ಸರ್ ಗುಣಕದ ಮೇಲಿನ ತುದಿ 0.055. ಗುಣಿಸಿದರೆ ಎಪ್ಪತ್ತು ವರ್ಷ ಕುಡಿದವರಲ್ಲಿ ಲಕ್ಷಕ್ಕೆ ಒಂಬತ್ತು ಹೆಚ್ಚುವರಿ ಪ್ರಕರಣ. 60 ದಿನ ಮಾತ್ರ ಕುಡಿದರೆ ಕೋಟಿಗೆ ಎರಡು. ಈ ಎರಡನೇ ಅಂಕಿಯನ್ನು ಹಿಡಿದು ‘ಏನೂ ತೊಂದರೆ ಇಲ್ಲ’ ಎನ್ನುವ ಸಲಹೆಗಾರರು ಇದ್ದಾರೆ. ಲೆಕ್ಕ ಸರಿ, ಬಳಕೆ ತಪ್ಪು: ಮೇ ತಿಂಗಳ 0.05 ಜೂನ್‌ನಲ್ಲಿ ಎಷ್ಟಾಗುತ್ತದೆ ಎಂದು ಯಾರಿಗೂ ತಿಳಿಯದಿರುವಾಗ 60 ದಿನ ಎಂಬ ಊಹೆಗೆ ಆಧಾರವೇ ಇಲ್ಲ. ಆ ಅಂಕಿ ಉಪಯೋಗಕ್ಕೆ ಬರುವುದು ಬೇರೆ ಕಡೆ: ನಾಲ್ಕು ದಿನ ತಿಳಿಯದೆ ಕುಡಿದ ಮನೆಯವರಿಗೆ ಧೈರ್ಯ ಹೇಳುವಲ್ಲಿ.

ಬದಲಿ ನೀರು ತಲೆಗೆ ದಿನಕ್ಕೆ 55 ಲೀಟರಿನಂತೆ 6,600 ಲೀಟರ್, ದನಗಳಿಗೆ ಬೇರೆ. ದನದ ಲೆಕ್ಕ ಬಿಟ್ಟರೆ ಏನಾಗುತ್ತದೆಂದರೆ, ಮುಚ್ಚಿದ ಬಾವಿಯ ಹಲಗೆ ರಾತ್ರಿ ಸರಿಯುತ್ತದೆ.

ಮಳೆ ಎಂಬ ಗಡುವು

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್. 9 ಮೀಟರ್ ಆಳದ ನೀರು ಜುಲೈಗೆ 2 ಮೀಟರಿಗೆ ಏರುತ್ತದೆ. ಪೆಟ್ರೋಲ್ ನೀರಿನ ಜೊತೆ ಏರಿ 7 ಮೀಟರ್ ದಪ್ಪದ ಮುರಕಲ್ಲಿಗೆಲ್ಲ ಮೆತ್ತಿಕೊಳ್ಳುತ್ತದೆ, ನೀರು ಇಳಿಯುವಾಗ ಅಲ್ಲಲ್ಲೇ ಉಳಿಯುತ್ತದೆ. ಆಮೇಲೆ ಪ್ರತಿ ಮಳೆಗೂ ಅಷ್ಟಷ್ಟು ತೊಳೆದು ಬೈಲಿಗೆ. ಹಾಗಾಗಿ ಕ್ರಮಗಳ ಆಯ್ಕೆಗೆ ಇಲ್ಲಿ ಮೊದಲ ಪ್ರಶ್ನೆ ಯಾವುದು ಅಗ್ಗ, ಯಾವುದು ಪೂರ್ಣ ಎಂಬುದಲ್ಲ. ಮಳೆಗೆ ಮೊದಲು ಯಾವುದು ಎಷ್ಟು ಹೊರತೆಗೆಯುತ್ತದೆ ಎಂಬುದು. ಮುಂಗಾರು ಜೂನ್ ಮೊದಲ ವಾರ ಎಂದು ಹವಾಮಾನ ಇಲಾಖೆಯ ಲೆಕ್ಕವಿದ್ದರೂ ಕೆಲಸದ ಗಡುವನ್ನು ತುಳುನಾಡಿನ ಪತ್ತನಾಜೆ ದಿನಕ್ಕೆ, ಮೇ 24ರ ಸುಮಾರಿಗೆ, ಇಟ್ಟುಕೊಳ್ಳುವುದು ಕ್ಷೇಮ. ಆ ಹೊತ್ತಿಗೆ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ. ಅವರ ಲೆಕ್ಕವೂ ಮಳೆಯದೇ.

ಆಯ್ಕೆಗಳು

ಅಗೆದು ಸಾಗಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಮೇಲಿನ ಒಂದೂವರೆ ಮೀಟರ್ ರಸ್ತೆಬದಿಯ ತುಂಬುಮಣ್ಣು, 144 ಘನ ಮೀಟರ್, ಸುಮಾರು 260 ಟನ್, 16 ಟನ್ನಿನ ಟಿಪ್ಪರಿನಲ್ಲಿ 17 ಲೋಡು. ಅಪಾಯಕಾರಿ ತ್ಯಾಜ್ಯ ಹೂಳುವ ವ್ಯವಸ್ಥೆ ಬೇಕೆಂದರೆ ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಗೆ ಹೋಗಬೇಕು, ಶಿರಾಡಿ ಘಾಟಿ ಹತ್ತಿ ಸುಮಾರು 300 ಕಿಲೋಮೀಟರ್. ಸಿಮೆಂಟ್ ಗೂಡಿನಲ್ಲಿ ಸುಡಿಸಬಹುದು, ಅದೂ ಘಟ್ಟದ ಮೇಲೇ. ತುಂಬುಮಣ್ಣನ್ನು ಅಗೆಯುವುದು ಸರಿ. ಅದರ ಕೆಳಗಿನ ಮುರಕಲ್ಲನ್ನು 9 ಮೀಟರ್ ಅಗೆಯುತ್ತೇವೆ ಎಂಬ ಪ್ರಸ್ತಾವವನ್ನು ಆರಂಭದಲ್ಲೇ ಕೈಬಿಡಬೇಕು. ಬ್ರೇಕರ್ ಹಾಕಿದರೆ ಕಲ್ಲಿನಿಂದ ಕಿಡಿ, ಹೆದ್ದಾರಿಯ ಬದಿ ಕುಸಿತ, ಮಳೆ ಬಂದರೆ ದೊಡ್ಡದೊಂದು ಇಂಗುಗುಂಡಿ.

ಅಗೆದ ಮಣ್ಣನ್ನು ಸಾಗಿಸದೆ ಹತ್ತಿರದಲ್ಲೇ ಹಾಸು ಮಾಡಿ ಸೂಕ್ಷ್ಮಜೀವಿಗಳಿಂದ ಕೊಳೆಸುವುದು ಇನ್ನೂ ಒಳ್ಳೆಯದು. ಕೆಳಗೆ ಒಂದೂವರೆ ಮಿಲಿಮೀಟರ್ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ, ಮೇಲೆ ಒಂದೂವರೆ ಮೀಟರ್ ಎತ್ತರದ ಮಣ್ಣು, ನಡುವೆ ತೂತಿನ ಪೈಪ್, ಮೇಲೆ ತಗಡಿನ ಮಾಡು. ಟಾರ್ಪಾಲು ಸಾಲದು, ಜೂನ್ ಗಾಳಿಗೆ ನಿಲ್ಲುವುದಿಲ್ಲ. ಇಂಗಾಲ, ಸಾರಜನಕ, ರಂಜಕ 100:10:1 ಎಂಬುದು ರೂಢಿಯ ಅನುಪಾತ. ಈ ಮಣ್ಣಿನಲ್ಲಿ ಅದನ್ನು ಹಾಗೇ ಅನುಸರಿಸಿದವರ ಹಾಸು ತಿಂಗಳಾದರೂ ಬಿಸಿಯಾಗುವುದಿಲ್ಲ. ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಜೀವಿಗಳಿಗೆ ಸಿಗುವುದಿಲ್ಲ; ಅಡಿಕೆ ತೋಟಕ್ಕೆ ಗೊಬ್ಬರ ಹಾಕುವವರು ಬಲ್ಲ ಸಂಗತಿಯೇ. ಮೊದಲು ಸುಣ್ಣ ಹಾಕಿ ಐದು-ಐದೂವರೆಯ ಪಿಎಚ್ ಅನ್ನು ಆರೂವರೆಗೆ ತಂದು, ರಂಜಕವನ್ನು ಕಂತಿನಲ್ಲಿ ಕೊಡಬೇಕು.

ಮುರಕಲ್ಲಿನೊಳಗಿನದಕ್ಕೆ ಆವಿ ಹೀರುವುದೇ ಮುಖ್ಯ ಅಸ್ತ್ರ. 9 ಮೀಟರ್ ಒಣ ನೆಲ, ಹಾರುವ ಇಂಧನ, ತೂತುತೂತಿನ ಕಲ್ಲು. ಮೇ ತಿಂಗಳಿನಷ್ಟು ಅನುಕೂಲ ಮತ್ತೆ ಸಿಗದು. 7 ಮೀಟರ್ ಆಳದ ಆರು ಕೊಳವೆ, ಕೆಳಗಿನ 4 ಮೀಟರಿಗೆ ಮಾತ್ರ ಸೀಳು, ಮೇಲೆ ನೀರಿಗೆ ಉಬ್ಬುವ ಬೆಂಟೊನೈಟ್ ಜೇಡಿಯ ಬಿರಡೆ. ಸೀಳು ಮೇಲಿನಿಂದಲೇ ಶುರುವಾದರೆ ಬ್ಲೋವರ್ ಅಂಗಳದ ಗಾಳಿಯನ್ನೇ ಕುಡಿಯುತ್ತದೆ. ಅದಕ್ಕೆ ನೆಲದ ಮೇಲೂ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆ ಮಣ್ಣು ಒತ್ತಬೇಕು. ಬ್ಲೋವರ್ ಗಂಟೆಗೆ 200 ಘನ ಮೀಟರ್, ಮೋಟರ್ ಬೆಂಕಿ ತಡೆಯುವ ಕವಚದ್ದು. ಹೊರಬರುವ ಆವಿಯನ್ನು ಹೊತ್ತುವ ಮಿತಿಯ ಕಾಲು ಭಾಗಕ್ಕೆ, ಘನ ಮೀಟರಿಗೆ 12 ಗ್ರಾಂ ಆಸುಪಾಸಿಗೆ, ಗಾಳಿ ಬೆರೆಸಿ ಇಳಿಸಿದರೆ ದಿನಕ್ಕೆ 57 ಕಿಲೋ. ಇದ್ದಿಲಿನಲ್ಲಿ ಹಿಡಿಯಲು ಹೋದರೆ ಒಂದು ಕಿಲೋ ಆವಿಗೆ ಐದರಿಂದ ಹತ್ತು ಕಿಲೋ ಇದ್ದಿಲು, ದಿನಕ್ಕೆ ಮುನ್ನೂರರಿಂದ ಆರುನೂರು ಕಿಲೋ. ಆರಂಭದ ವಾರಗಳಿಗೆ ಆವಿ ಸುಡುವ ಘಟಕವೇ ಬೇಕು. ತರಿಸಿ ಕೂರಿಸಲು ಹತ್ತು ದಿನ ಕಳೆದರೆ ಪತ್ತನಾಜೆಗೆ ಉಳಿಯುವುದು ಹದಿನೆಂಟು ದಿನ. ಸಾಂದ್ರತೆ ಇಳಿಯುತ್ತಾ ಹೋಗುವುದರಿಂದ ಹೊರಬರುವುದು ಹೆಚ್ಚೆಂದರೆ 800 ಕಿಲೋ. ಒಟ್ಟಿನ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಮೊದಲು ಹಾರುವುದು ಬೆಂಜೀನಿನಂಥ ಹಗುರ ಅಂಶಗಳೇ, ಹಾಗಾಗಿ ತೂಕದಲ್ಲಿ ಕಾಲು ಭಾಗವಾದರೂ ಅಪಾಯದಲ್ಲಿ ಇನ್ನೂ ಹೆಚ್ಚು ಇಳಿಯುತ್ತದೆ.

ಬಾವಿ 4ರ ಪದರವನ್ನು ಗಾಳಿಯಿಂದ ನಡೆಯುವ ಕೆನೆ ತೆಗೆಯುವ ಪಂಪಿನಿಂದ ಎತ್ತಬೇಕು. ನೀರಿನ ಮಟ್ಟವನ್ನು ಅರ್ಧ ಮೀಟರಿಗಿಂತ ಕೆಳಗೆ ಎಳೆಯುವಂತಿಲ್ಲ. ಜೋರಾಗಿ ಎಳೆದರೆ ಪದರ ಕೆಳಗಿಳಿದು ಹೊಸ ಕಲ್ಲಿಗೆ ಮೆತ್ತುತ್ತದೆ. ಬಾವಿಯಲ್ಲಿ ಕಾಣುವ 6 ಮಿಲಿಮೀಟರ್ ನೆಲದಲ್ಲಿ ಇರುವ ದಪ್ಪವಲ್ಲ, ಬಾವಿ ಸುತ್ತಲಿನದನ್ನು ತನ್ನೊಳಗೆ ಕೂಡಿಸಿ ತೋರಿಸುತ್ತದೆ. ಮೊದಲ ವಾರ 40 ಲೀಟರ್, ಆಮೇಲೆ ದಿನಕ್ಕೆ ಒಂದೆರಡು ಲೀಟರ್ ಎಂದರೆ ಯಂತ್ರ ಕೆಟ್ಟಿದೆ ಎಂದರ್ಥವಲ್ಲ.

ಬಾವಿ 7ರಿಂದ ಗಂಟೆಗೆ ಅರ್ಧ ಘನ ಮೀಟರ್ ಎತ್ತಿ, ತಲಾ 200 ಕಿಲೋ ಇದ್ದಿಲಿನ ಎರಡು ಪಾತ್ರೆಗಳನ್ನು ಒಂದರ ಹಿಂದೊಂದು ದಾಟಿಸಿ ತೋಡಿಗೆ ಬಿಡಬೇಕು; ಬೈಲಿನ ಬಾವಿಗಳಿಗೆ ಇದೇ ಕಾವಲು. ಎರಡರ ನಡುವೆ ಮಾದರಿ ನಲ್ಲಿ ಇರಲಿ. ಅಲ್ಲಿ ಬೆಂಜೀನ್ ಕಂಡ ದಿನ ಮೊದಲ ಪಾತ್ರೆ ಬದಲಿಸುವುದು. ಇದು ಕೈಕೊಡುವುದು ಕಬ್ಬಿಣದಿಂದ. ಎಥನಾಲನ್ನು ಜೀವಿಗಳು ಮೊದಲು ತಿನ್ನುತ್ತವೆ, ನೀರಿನ ಆಮ್ಲಜನಕ ಮುಗಿಯುತ್ತದೆ, ಆಮೇಲೆ ಮುರಕಲ್ಲಿನ ಕಬ್ಬಿಣ ಕರಗಿ ಬರುತ್ತದೆ. ತಿಳಿಯಾಗಿ ಎತ್ತಿದ ನೀರು ಗಾಳಿ ತಾಗಿದ ಕೂಡಲೇ ಕೆಂಪಾಗಿ ಇದ್ದಿಲಿನ ಮೇಲೆ ಲೋಳೆ ಕಟ್ಟುತ್ತದೆ. ಮೊದಲು ಗಾಳಿಯಾಡಿಸಿ ಕಬ್ಬಿಣ ಕೂರಿಸುವ ತೊಟ್ಟಿ ಬೇಕು, ಆ ತೊಟ್ಟಿಗೆ ಮುಚ್ಚಳ, ಮುಚ್ಚಳದಿಂದ ಆವಿ ಘಟಕಕ್ಕೆ ಪೈಪು. ಇಲ್ಲದಿದ್ದರೆ ಬೆಂಜೀನ್ ಅಂಗಳಕ್ಕೆ. ಎಥನಾಲಿನ ಇನ್ನೊಂದು ತಂಟೆ: ಆಮ್ಲಜನಕವನ್ನು ಅದೇ ತಿಂದು ಮುಗಿಸುವುದರಿಂದ ಬೆಂಜೀನ್ ಕೊಳೆಯುವುದು ತಡವಾಗಿ, ಹಳೆಯ ಪೆಟ್ರೋಲ್ ಸೋರಿಕೆಗಳಿಗಿಂತ ದೂರ ಹೋಗುತ್ತದೆ.

ನೆಲಕ್ಕೆ ರಾಸಾಯನಿಕ ಚುಚ್ಚಿ ಪೆಟ್ರೋಲ್ ‘ನಾಶ’ ಮಾಡುವ ಪ್ರಸ್ತಾವಗಳು ಮಾರಾಟಗಾರರಿಂದ ಬಂದೇ ಬರುತ್ತವೆ. ಪರ್ಮ್ಯಾಂಗನೇಟ್ ಬೆಂಜೀನಿನ ಮೇಲೆ ಕೆಲಸ ಮಾಡುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಇಷ್ಟು ಕಬ್ಬಿಣ ಕಂಡೊಡನೆ ಕೊಳವೆಯ ಬಾಯಲ್ಲೇ ಒಡೆದು ಶಾಖ, ಆಮ್ಲಜನಕ ಬಿಡುತ್ತದೆ, ಪೆಟ್ರೋಲ್ ಆವಿಯ ನಡುವೆ. ಪರ್‌ಸಲ್ಫೇಟ್ ಕೆಲಸ ಮಾಡುತ್ತದೆ, ಆದರೆ ದ್ರಾವಣ ದೊಡ್ಡ ಕೊಳವೆ ಹಿಡಿದು ಯಾರದೋ ಬಾವಿಗೆ ಹೋದರೆ ಒಂದು ತಂಟೆಗೆ ಎರಡು. ಬಾವಿಗಳು ಬಳಕೆಯಲ್ಲಿರುವ ಇಳಿಜಾರಿನಲ್ಲಿ ಇವು ಯಾವುವೂ ಬೇಡ.

ಕಾನೂನಿನ ಮಾತು ಚುಟುಕಾಗಿ. 1974ರ ಜಲ ಕಾಯ್ದೆಯ 31ನೇ ಕಲಂ ಪ್ರಕಾರ ಇಂಥ ಘಟನೆಯನ್ನು ಕೂಡಲೇ ತಿಳಿಸಬೇಕು, 32ನೇ ಕಲಂ ಬಾವಿ ಕೆಟ್ಟಾಗ ತುರ್ತು ಕ್ರಮ ಕೈಗೊಳ್ಳಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಧಿಕಾರ ಕೊಡುತ್ತದೆ. ಶುದ್ಧೀಕರಿಸಿದ ನೀರನ್ನು ತೋಡಿಗೆ ಬಿಡಲೂ ಮಂಡಳಿಯ ಒಪ್ಪಿಗೆ ಬೇಕು; ಅರ್ಜಿಯನ್ನು ಯಂತ್ರ ಬರುವ ಮೊದಲೇ ಬೈಕಂಪಾಡಿಯ ಪ್ರಾದೇಶಿಕ ಕಚೇರಿಗೆ ಕೊಟ್ಟಿರಬೇಕು. ಅಗೆದ ಮಣ್ಣಿಗೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು. ಬಾಧಿತರ ತುರ್ತು ಪರಿಹಾರಕ್ಕೆ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ.

ಮಳೆ ಬಂದ ಮೇಲೆ

ಮೇ 20ಕ್ಕೆ ಹಾಸು ಸಿದ್ಧ, ಅಗೆದ ಜಾಗಕ್ಕೆ ಶೇಡಿ ಮಣ್ಣನ್ನೇ ತಂದು ಬಡಿದು ಮೇಲೆ ಹಾಳೆ, ರಸ್ತೆಯ ನೀರು ಅಲ್ಲಿ ಇಂಗದಂತೆ ಚರಂಡಿಗೆ 60 ಮೀಟರ್ ಕಾಂಕ್ರೀಟ್ ತಳ. ಈ ಕೊನೆಯದು ಪಟ್ಟಿಯಲ್ಲೇ ಅಗ್ಗದ ಕೆಲಸ, ಒಳಗೆ ಉಳಿದ ಪೆಟ್ರೋಲನ್ನು ಮಳೆ ತೊಳೆಯದಂತೆ ತಡೆಯುವಲ್ಲಿ ಬೇರೆ ಯಾವುದಕ್ಕೂ ಕಡಿಮೆಯಿಲ್ಲ. ಆವಿ ಹೀರುವ ಕೊಳವೆಗಳಲ್ಲಿ ಜೂನ್ ಮೂರನೇ ವಾರ ನೀರು ಬಂತು. ಬ್ಲೋವರ್ ನಿಲ್ಲಿಸಿ, ಕೊಳವೆಗೆ ಮುಚ್ಚಳ ಹಾಕಿ, ಯಂತ್ರವನ್ನು ಡಿಸೆಂಬರ್‌ಗೆಂದು ಕಾದಿರಿಸಬೇಕು. ಬಾಡಿಗೆ ಉಳಿಸಲು ವಾಪಸು ಕಳಿಸಿದರೆ ಡಿಸೆಂಬರ್‌ನಲ್ಲಿ ಮತ್ತೆ ಟೆಂಡರ್.

ಊಹಿಸಿದಂತೆ ಮಜಲು ಬೈಲಿಗೆ ತಾಗುವ ಅಂಚಿನ ಒರತೆಯಲ್ಲಿ ಜೂನ್ ಹತ್ತರ ಹೊತ್ತಿಗೆ ವಾಸನೆ ಕಂಡಿತು, ಬೆಂಜೀನ್ 0.03. ಅಲ್ಲಿ ಮೊದಲೇ ಎಣ್ಣೆ ಹೀರುವ ದಿಂಡು ಕಟ್ಟಿಟ್ಟಿತ್ತು. ದಿಂಡು ತೇಲುವುದನ್ನು ಹಿಡಿಯುತ್ತದೆ, ಕರಗಿದ್ದನ್ನಲ್ಲ. ಕರಗಿದ್ದಕ್ಕೆ ಒರತೆಯ ನೀರನ್ನು ಕಲ್ಲುಗಳ ಮೇಲೆ ತೆಳ್ಳಗೆ ಮೆಟ್ಟಿಲುಮೆಟ್ಟಿಲಾಗಿ ಬೀಳಿಸಿದರೆ ಬಹುಪಾಲು ಗಾಳಿಗೆ ಹೋಗುತ್ತದೆ, ಬಯಲಿನಲ್ಲಿ ಅಷ್ಟು ಕಡಿಮೆ ಪ್ರಮಾಣಕ್ಕೆ ತೊಂದರೆಯಿಲ್ಲ. ಅಳಿವೆಯಲ್ಲಿ ಮರುವಾಯಿ (ತಿನ್ನುವ ಚಿಪ್ಪುಜೀವಿ) ಹೆಕ್ಕುವವರಿಗಾಗಿ ತೋಡಿನ ಬಾಯಲ್ಲಿ ಎರಡು ಸುತ್ತು ಮಾದರಿ ತೆಗೆದು, ಏನೂ ಸಿಗದ ಮೇಲೆ ಆ ಕಡೆ ನಿಲ್ಲಿಸಿದೆ.

ಆಗಸ್ಟ್‌ನಲ್ಲಿ ಬಾವಿ 7 ಮಿತಿಯೊಳಗೆ ಬಂದಾಗ ಬಾವಿ ತೆರೆಯಿರಿ ಎಂಬ ಒತ್ತಡ ಬಂತು. ತೆರೆಯಬಾರದು. ಆಗ ಬಾವಿ ತುಂಬ ಹೊಸ ಮಳೆನೀರು. ಪೆಟ್ರೋಲ್ ಮೆತ್ತಿದ ಕಲ್ಲು ನೀರಿನಡಿ ಮುಳುಗಿದೆ, ಹೋಗಿಲ್ಲ. ಜನವರಿಯಲ್ಲಿ ನೀರು ಇಳಿದಾಗ ಅದೇ ಬಾವಿಯಲ್ಲಿ 0.12. ಮೇ, ಜೂನ್ ಮಧ್ಯ, ಆಗಸ್ಟ್, ಅಕ್ಟೋಬರ್, ಜನವರಿ, ಮತ್ತೆ ಮೇ, ಈ ಆರು ಸಲವೂ ನೋಡದೆ ಯಾವ ಬಾವಿಯನ್ನೂ ಬಿಟ್ಟುಕೊಡುವಂತಿಲ್ಲ. ಬಾವಿ 11 ಪಂಪು ನಿಂತ ಮೂರು ವಾರಕ್ಕೇ ಸ್ವಚ್ಛವಾಗಿತ್ತು, ಮುಂದಿನ ಮೇ ಪರೀಕ್ಷೆಯೂ ದಾಟಿದ ಮೇಲೆ ತೆರೆಯಿತು, ಅರ್ಧ ಎಚ್‌ಪಿ ಪಂಪಿನೊಂದಿಗೆ. 4 ಮತ್ತು 7 ಎರಡನೇ ಬೇಸಿಗೆಯ ಆವಿ ಹೀರಿಕೆ ಮುಗಿಯುವವರೆಗೂ ಮುಚ್ಚಿಯೇ ಇದ್ದವು.

ಅಕ್ಟೋಬರ್‌ನಿಂದಾಚೆ ‘ತೋಡಿನಲ್ಲಿ ಪೆಟ್ರೋಲ್ ತೇಲುತ್ತಿದೆ’ ಎಂಬ ಫೋನು ವಾರಕ್ಕೆರಡು ಬರುತ್ತದೆ. ಮುರಕಲ್ಲಿನ ಒರತೆಗಳಲ್ಲಿ ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟುವ ಪೊರೆಗೂ ಕಾಮನಬಿಲ್ಲಿನ ಬಣ್ಣವೇ. ಒಂದು ಕಡ್ಡಿಯಿಂದ ಕಲಕಿ ನೋಡಲು ಹೇಳಿ: ಗಾಜಿನಂತೆ ಚೂರುಚೂರಾಗಿ ಒಡೆದು ಹಾಗೇ ಬಿಡಿಬಿಡಿಯಾಗಿ ನಿಂತರೆ ಕಬ್ಬಿಣದ್ದು, ಸುಳಿದು ಮತ್ತೆ ಕೂಡಿಕೊಂಡರೆ ಶೀಶೆ ಹಿಡಿದು ಹೊರಡಿ.